ಕೋಳಿರೂಪಿಗಳ ವಂಶಾವಳಿ

1758ನೇ ಇಸವಿಯಲ್ಲಿ ಸ್ಟಾಕ್‌ಹೋಮ್ ನಗರದ ಲಾರೆನ್ಷಿಯಸ್ ಸಾಲ್ವಿಯಸ್ ಎಂಬಾತ ಒಂದು ಲ್ಯಾಟಿನ್ ಗ್ರಂಥವನ್ನು ಪ್ರಕಟಿಸಿದ. 'ಸಿಸ್ಟೆಮಾ ನ್ಯಾಚುರೆ' ಎಂಬ ಆ ಗ್ರಂಥದ ಹತ್ತನೆಯ ಆವೃತ್ತಿ ಅದು. ಬರೆದವನು ಉಪ್ಸಾಲಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಾರ್ಲ್ ಲಿನೇಯಸ್. ಭೂಮಿಯ ಮೇಲಿನ ಸಕಲ ಪ್ರಾಣಿಗಳಿಗೂ ಎರಡೆರಡು ಪದದ ಹೆಸರಿಟ್ಟು, ವರ್ಗ, ಗಣ, ಜಾತಿ, ಪ್ರಭೇದ ಎಂದು ಸಾಲು ಹಿಡಿದು ನಿಲ್ಲಿಸುವ ಸಾಹಸಕ್ಕೆ ಆತ ಕೈಹಾಕಿದ್ದ. ಹಕ್ಕಿಗಳಿಗೆ ಆತ ಕಟ್ಟಿಕೊಟ್ಟದ್ದು ಆರು ಗಣ. ಹದ್ದು ಗೂಬೆಗಳಿಗೊಂದು, ಕಾಗೆ ಗಿಳಿಗಳಿಗೊಂದು, ಬಾತುಗಳಿಗೊಂದು, ನೀಳಗಾಲಿನ ಕೊಕ್ಕರೆಗಳಿಗೊಂದು, ಕೊನೆಗೆ ಗುಬ್ಬಿಗಳ ಬಳಗಕ್ಕೊಂದು. ಗುಬ್ಬಿಗಳಿಗಿಂತ ಮೊದಲು, ಐದನೆಯ ಸ್ಥಾನದಲ್ಲಿ ನಿಂತ ಗಣದ ಹೆಸರು 'ಗ್ಯಾಲಿನೆ'. ರೋಮನರ ಮಾತಿನಲ್ಲಿ ಗ್ಯಾಲಸ್ ಎಂದರೆ ಹುಂಜ, ಗ್ಯಾಲಿನಾ ಎಂದರೆ ಹೇಂಟೆ.

ಆ ಗಣದಲ್ಲಿ ಅಗ್ರಪೂಜೆ ನವಿಲಿಗೆ ಸಂದಿತು. ಅದರ ಹಿಂದೆ ಅಮೆರಿಕದ ಟರ್ಕಿ ಕೋಳಿ, ಬಳಿಕ ದಕ್ಷಿಣ ಅಮೆರಿಕದ ದಟ್ಟ ಕಾಡುಗಳ ಕ್ಯುರಾಸೋ, ಏಷ್ಯಾದ ಫೆಸೆಂಟ್, ಉತ್ತರದ ಶೀತಸೀಮೆಯ ಗ್ರೌಸ್; ಗ್ರೌಸಿನ ಜತೆಗೇ ಗೌಜಲಹಕ್ಕಿ, ಲಾವಕ್ಕಿಗಳು. ನೆಲದ ಮೇಲೆ ನಡೆಯುವವು, ಕಾಳು ಮೇಯುವವು, ನೆಲದಲ್ಲೇ ಹುಲ್ಲುಕಡ್ಡಿ ಕೂಡಿಸಿ ಹೇರಳ ಮೊಟ್ಟೆ ಇಡುವವು, ಒಂದು ಗಂಡಿಗೆ ಹಲವು ಹೆಣ್ಣೆಂಬ ಸಂಸಾರದವು ಎನ್ನುವುದು ಆ ಗಣದ ಲಕ್ಷಣ. ಇಲ್ಲೊಂದು ತಮಾಷೆಯಿದೆ. ಇಡೀ ಗಣಕ್ಕೆ ತನ್ನ ಹೆಸರು ಕೊಟ್ಟ ಮನೆಯ ಕೋಳಿಗೆ ಅಲ್ಲಿ ಸ್ವಂತದ ಜಾತಿಯೇ ಇರಲಿಲ್ಲ. ಲಿನೇಯಸ್ ಅದನ್ನು ಫೆಸೆಂಟ್‌ಗಳ ಜಾತಿಗೆ ಸೇರಿಸಿ 'ಫಾಸಿಯಾನಸ್ ಗ್ಯಾಲಸ್' ಎಂದು ಬರೆದಿದ್ದ. ಎರಡು ವರ್ಷದ ಬಳಿಕ, 1760ರಲ್ಲಿ, ಪ್ಯಾರಿಸ್ಸಿನ ವಿದ್ವಾಂಸ ರಯೋಮೂರ್ ಕೂಡಿಟ್ಟಿದ್ದ ಸಂಗ್ರಹವನ್ನು ನೋಡಿಕೊಂಡಿದ್ದ ಮಥುರಿನ್ ಬ್ರಿಸನ್ ಆರು ಸಂಪುಟಗಳ ಪಕ್ಷಿಗ್ರಂಥ ಹೊರತಂದು, ಕೋಳಿಗೆ 'ಗ್ಯಾಲಸ್' ಎಂಬ ಪ್ರತ್ಯೇಕ ಜಾತಿಯನ್ನು ಬರೆದುಕೊಟ್ಟ. ಅಲ್ಲಿಗೆ ಮನೆಯೊಡತಿಗೆ ಮನೆ ಸಿಕ್ಕಂತಾಯಿತು.

ಈಗ ಪಕ್ಷಿವಿಜ್ಞಾನಿಗಳು ಈ ಗಣವನ್ನು 'ಗ್ಯಾಲಿಫಾರ್ಮಿಸ್' ಎನ್ನುತ್ತಾರೆ. ಗ್ಯಾಲಸ್ ಎಂಬುದಕ್ಕೆ ರೂಪ ಎಂಬರ್ಥದ ಲ್ಯಾಟಿನ್ ಪದ ಸೇರಿ ಆದದ್ದು. ಕೋಳಿಯ ರೂಪದವು ಎಂದು ತಾತ್ಪರ್ಯ. ಈ ಹೆಸರಿನ ಇತಿಹಾಸವನ್ನು ಓದುತ್ತ ಹೋದ ಹಾಗೆ ಒಂದು ಮಾತು ಖಚಿತವಾಗುತ್ತದೆ. ರೂಪವನ್ನು ನಂಬಿ ಗಣ ಕಟ್ಟಿದವರು ಪದೇಪದೇ ಮೋಸ ಹೋಗಿದ್ದಾರೆ. ಕಾಲಿನ ಕಸುಬನ್ನು ನೋಡಿದವರು ಸತ್ಯದ ಹತ್ತಿರ ಹೋಗಿದ್ದಾರೆ. ಆ ಕಸುಬು ಕೆದಕುವುದು.

ತಿಪ್ಪೆಯ ಮೇಲಿನ ಹೇಂಟೆಯನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಒಂದು ಕಾಲಿನಿಂದ ಎರಡು ಸಲ ಬರಬರನೆ ಕೆದರುತ್ತದೆ, ಇನ್ನೊಂದು ಕಾಲಿನಿಂದ ಮತ್ತೆ ಕೆದರುತ್ತದೆ, ಒಂದು ಹೆಜ್ಜೆ ಹಿಂದೆ ಸರಿದು ಕತ್ತು ವಾಲಿಸಿ ಒಂದೇ ಕಣ್ಣಿನಲ್ಲಿ ನೆಲವನ್ನು ಪರೀಕ್ಷಿಸುತ್ತದೆ, ಆಮೇಲೆ ಕುಕ್ಕುತ್ತದೆ. ಮೊನ್ನೆ ಮೊಟ್ಟೆಯೊಡೆದ ಪಿಳ್ಳೆಗೂ ಇದನ್ನು ಯಾರೂ ಕಲಿಸಬೇಕಿಲ್ಲ. ಸಿಮೆಂಟಿನ ನೆಲದ ಮೇಲೆ ಕಾಳು ಚೆಲ್ಲಿದರೂ ಮೊದಲು ಕೆದರಿಯೇ ಅದು ತಿನ್ನುವುದು.

ಈ ಲಕ್ಷಣವನ್ನು ಭಾರತದ ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ಆಹಾರದ ಗುಣದೋಷ ಹೇಳುವ ಅಧ್ಯಾಯಗಳಿವೆ. ಅಲ್ಲಿ ಮಾಂಸವನ್ನು ವಿಂಗಡಿಸುವಾಗ ಹಕ್ಕಿಗಳನ್ನು ಬಣ್ಣದಿಂದಲೋ ಗಾತ್ರದಿಂದಲೋ ಬೇರ್ಪಡಿಸಿಲ್ಲ; ಅವು ಹೇಗೆ ತಿನ್ನುತ್ತವೆ ಎಂಬುದನ್ನು ನೋಡಿ ಬೇರ್ಪಡಿಸಿದೆ. ಕೊಕ್ಕಿನಿಂದ ಕುಟುಕಿ ತಿನ್ನುವವು ಪ್ರತುದ. ಕಾಲಿನಿಂದ ಕೆದರಿ, ಚೆದುರಿಸಿ ತಿನ್ನುವವು ವಿಷ್ಕಿರ. ವಿಷ್ಕಿರಗಳ ಪಟ್ಟಿಯಲ್ಲಿ ಯಾರಿದ್ದಾರೆಂದರೆ ಲಾವ, ತಿತ್ತಿರಿ, ಕಪಿಂಜಲ, ಚಕೋರ, ಮಯೂರ, ಕುಕ್ಕುಟ. ಒಂದೆರಡು ಪರಕೀಯರು ನುಸುಳಿದ್ದಾರೆ ನಿಜ. ಆದರೂ ಇಂದಿನ ಪ್ರಯೋಗಾಲಯದ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವೈದ್ಯರ ಪಟ್ಟಿ ಲಿನೇಯಸ್ಸನ ಪಟ್ಟಿಗೆ ಸರಿಸಾಟಿಯಾಗಿ ನಿಲ್ಲುತ್ತದೆ. ಆ ವೈದ್ಯರಿಗೆ ಬೇಕಾಗಿದ್ದದ್ದು ಜ್ವರ ಬಿಟ್ಟ ರೋಗಿಗೆ ಯಾವ ಸಾರು ಹಗುರ ಎಂಬ ಉತ್ತರ ಮಾತ್ರ.

ವೈಯಾಕರಣರ ಕಿವಿಗೂ ಈ ಹಕ್ಕಿ ಬಿದ್ದಿತ್ತು. ವಿಷ್ಕಿರ ಎಂಬ ಪದ ಹಕ್ಕಿಯ ಅರ್ಥದಲ್ಲಿ ಹೇಗೆ ಸಿದ್ಧವಾಗುತ್ತದೆ ಎಂದು ಹೇಳಲು ಪಾಣಿನಿ ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ. ಹ್ರಸ್ವ, ದೀರ್ಘ, ಪ್ಲುತಗಳಿಗೆ ಆತ ಅಕಾರವನ್ನು ಬಿಟ್ಟು ಉಕಾರವನ್ನೇ ಏಕೆ ಉದಾಹರಣೆಯಾಗಿ ಹಿಡಿದ ಎಂಬ ಪ್ರಶ್ನೆಗೆ ಸಂಪ್ರದಾಯ ಕೊಡುವ ಉತ್ತರ ಹುಂಜದ ಕೂಗು. ಚಿಕ್ಕದಾಗಿ ಶುರುವಾಗಿ, ಉದ್ದವಾಗಿ, ಕೊನೆಗೆ ಎಳೆದು ನಿಲ್ಲುವ ಆ ಕೂಗಿನಲ್ಲಿ ಮೂರು ಮಾತ್ರೆಯೂ ಕೇಳಿಸುತ್ತದೆ. ನಮ್ಮ ನೆಲದ ಅರಸರೂ ಹಿಂದೆ ಬೀಳಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ವರ್ಣಿಸುವಾಗ ಕುಕ್ಕುಟವಿನೋದಕ್ಕೂ ಲಾವಕವಿನೋದಕ್ಕೂ ಬೇರೆಬೇರೆ ಜಾಗ ಕೊಟ್ಟಿದ್ದಾನೆ. ಹುಂಜದ ಕಾಳಗ, ಲಾವಕ್ಕಿಯ ಕಾಳಗ ಎರಡೂ ಆಸ್ಥಾನದ ಶಾಸ್ತ್ರವಾಗಿದ್ದ ಕಾಲ ಅದು.

ಗ್ರೀಸ್ ದೇಶದಲ್ಲಿ ಅರಿಸ್ಟಾಟಲ್ ಇನ್ನೊಂದು ಗುರುತು ಹಿಡಿದ. ಕೆಲವು ಹಕ್ಕಿಗಳು ನೀರಿನಲ್ಲಿ ಮೀಯುತ್ತವೆ, ಕೆಲವು ಧೂಳಿನಲ್ಲಿ ಮೀಯುತ್ತವೆ, ಕೆಲವಕ್ಕೆ ಎರಡೂ ಬೇಡ ಎಂದು ಆತ ಬರೆದ. ಧೂಳುಸ್ನಾನದವು ಎಂದು ಆತ ಹೆಸರಿಸಿದ್ದು ಕೋಳಿ, ಗೌಜಲಹಕ್ಕಿ, ಫೆಸೆಂಟ್ ಮುಂತಾದ ನೆಲವಾಸಿಗಳನ್ನು; ಜೊತೆಗೆ ಜುಟ್ಟಿನ ಬಾನಾಡಿಯೊಂದನ್ನು. ಬಾನಾಡಿಯೊಂದನ್ನು ಬಿಟ್ಟರೆ ಉಳಿದವೆಲ್ಲ ನಮ್ಮ ಗಣದವೇ. ಕೋಳಿ ಆಗ ಗ್ರೀಕರಿಗೆ ತೀರ ಹಳೆಯ ಪರಿಚಯವಲ್ಲ; ಅರಿಸ್ಟೊಫನೀಸನ ನಾಟಕದಲ್ಲಿ ಅದು ಪರ್ಷಿಯದ ಹಕ್ಕಿ. ಪೂರ್ವದಿಂದ ಬಂದದ್ದೆಂಬ ನೆನಪು ಹೆಸರಿನಲ್ಲೇ ಉಳಿದಿತ್ತು.

ರೋಮನರ ಕೈಗೆ ಬಂದ ಮೇಲೆ ಕೋಳಿಗೆ ರಾಜಕಾರಣದ ಅಧಿಕಾರ ಒದಗಿತು. ಯುದ್ಧಕ್ಕೆ ಹೊರಡುವ ಮುನ್ನ ಪವಿತ್ರ ಕೋಳಿಗಳ ಮುಂದೆ ಮೇವು ಸುರಿಯುತ್ತಿದ್ದರು. ಅವು ಆತುರದಿಂದ ತಿಂದು, ಬಾಯಿಂದ ತುಣುಕು ನೆಲಕ್ಕೆ ಉದುರಿದರೆ ಶುಭ. ಪಂಜರದಿಂದ ಹೊರಗೇ ಬರದಿದ್ದರೆ ಅಶುಭ. ಈ ಕೋಳಿಗಳನ್ನು ನೋಡಿಕೊಳ್ಳಲು ಪುಲ್ಲಾರಿಯಸ್ ಎಂಬ ಅಧಿಕಾರಿಯೇ ಇದ್ದ. ಕ್ರಿಸ್ತಪೂರ್ವ 249ರಲ್ಲಿ, ಕಾರ್ಥೇಜಿನೊಡನೆ ಮೊದಲ ಯುದ್ಧ ನಡೆದಿದ್ದಾಗ, ಕಾನ್ಸಲ್ ಪಬ್ಲಿಯಸ್ ಕ್ಲಾಡಿಯಸ್ ಪುಲ್ಕರ್ ಸಿಸಿಲಿಯ ದ್ರೆಪಾನ ಬಂದರಿನ ಮೇಲೆ ನೌಕಾಪಡೆ ಕೊಂಡೊಯ್ದ. ಕೋಳಿಗಳು ಮೇವು ಮುಟ್ಟಲಿಲ್ಲ. ತಿನ್ನದಿದ್ದರೆ ಕುಡಿಯಲಿ ಎಂದು ಆತ ಅವುಗಳನ್ನು ಸಮುದ್ರಕ್ಕೆ ಎಸೆಸಿದನೆಂದು ರೋಮಿನ ಲೇಖಕರು ಹೇಳುತ್ತಾರೆ. ಆ ದಿನ ರೋಮನರ 93 ಹಡಗುಗಳು ಶತ್ರುವಿನ ವಶವಾದವು. ಸೋತ ಸೇನಾಪತಿಯ ಮೇಲೆ ವಿಚಾರಣೆ ನಡೆದು ದಂಡ ಬಿತ್ತು. ಹಡಗುಗಳ ಲೆಕ್ಕ ನಂಬಬಹುದಾದದ್ದು. ಕೋಳಿಯ ಕಥೆಯನ್ನು ಸೋತವನ ಮೇಲೆ ಹೊರಿಸಲು ಆಮೇಲೆ ಕಟ್ಟಿದ್ದರೂ ಆಶ್ಚರ್ಯವಿಲ್ಲ. ಹೇಗಿದ್ದರೂ ಗ್ಯಾಲಿನಾ ಎಂಬ ಪದ ಅಡುಗೆಮನೆಯಿಂದ ರಾಜ್ಯದ ಕಡತದವರೆಗೆ ಓಡಾಡುತ್ತಿತ್ತು. ವಾರೋ ಎಂಬ ವಿದ್ವಾಂಸ ಕೃಷಿಯ ಮೇಲೆ ಬರೆದ ಗ್ರಂಥದಲ್ಲಿ ಅದನ್ನು ಮೂರು ಬಗೆ ಮಾಡಿದ: ಮನೆಯ ಕೋಳಿ, ಕಾಡಿನ ಕೋಳಿ, ಆಫ್ರಿಕದ ಕೋಳಿ. ಮೂರನೆಯದೇ ನಾವೀಗ ಗಿನಿಕೋಳಿ ಎನ್ನುವುದು.

ಗಿನಿಕೋಳಿಯಿಂದಲೇ ದೊಡ್ಡ ಗೊಂದಲ ಹುಟ್ಟಿತು. ಗ್ರೀಕರು ಅದನ್ನು ಮೆಲಿಯಾಗ್ರಿಸ್ ಎನ್ನುತ್ತಿದ್ದರು. ವೀರ ಮೆಲಿಯೇಜರ್ ಸತ್ತಾಗ ಅತ್ತತ್ತು ಹಕ್ಕಿಗಳಾದ ಅವನ ಸೋದರಿಯರೇ ಇವು ಎಂಬ ಪುರಾಣ. 16ನೇ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೋದಿಂದ ದೊಡ್ಡ ಹಕ್ಕಿಯೊಂದನ್ನು ಯುರೋಪಿಗೆ ತಂದಾಗ ಅದು ಎಲ್ಲಿಯದೆಂದು ಜನಕ್ಕೆ ತಿಳಿಯಲಿಲ್ಲ. ಇಂಗ್ಲಿಷರು ಅದನ್ನು ತುರ್ಕರ ದೇಶದ್ದೆಂದರು. ಫ್ರೆಂಚರು ಇಂಡಿಯಾದ ಹುಂಜವೆಂದರು. ಡಚ್ಚರು ನಮ್ಮ ಕಲ್ಲಿಕೋಟೆಯ ಕೋಳಿಯೆಂದರು. ಆ ಮಾತು ಸವೆದು ಕಾಲ್ಕೂನ್ ಆಗಿ, ಸ್ವೀಡನ್ನಿಗೂ ಹಬ್ಬಿತು. ಲಿನೇಯಸ್ ತನ್ನ ತಾಯ್ನುಡಿಯಲ್ಲಿ ಈ ಹಕ್ಕಿಯನ್ನು ಕರೆಯುತ್ತಿದ್ದ ಹೆಸರಿನಲ್ಲಿ ಮಲಬಾರಿನ ರೇವುಪಟ್ಟಣವೊಂದು ಅಡಗಿತ್ತು. ಹಾಗೆಂದು ಶಾಸ್ತ್ರನಾಮದಲ್ಲಾದರೂ ಆತ ಅದರ ಊರನ್ನು ಸರಿಪಡಿಸಿದನೇ? ಅದೂ ಇಲ್ಲ. 'ಮೆಲಿಯಾಗ್ರಿಸ್ ಗ್ಯಾಲೋಪಾವೋ' ಎಂದು ಬರೆದ. ಮೊದಲ ಪದ ಆಫ್ರಿಕದ ಗಿನಿಕೋಳಿಯದು; ಎರಡನೆಯದು ಹುಂಜ ಮತ್ತು ನವಿಲುಗಳನ್ನು ಬೆಸೆದದ್ದು, ಜ್ಯೂರಿಕ್ಕಿನ ಕೊನ್ರಾಡ್ ಗೆಸ್ನರನ ಕಾಲದಿಂದ ಬಳಕೆಯಲ್ಲಿದ್ದದ್ದು. ಅಮೆರಿಕದ ಹಕ್ಕಿಯ ಹೆಸರಿನಲ್ಲಿ ಅಮೆರಿಕದ್ದೊಂದು ಅಕ್ಷರವೂ ಇಲ್ಲ.

ಆದರೆ ಹುಂಜ ಮತ್ತು ನವಿಲಿನ ಆ ಬೆಸುಗೆ ಸುಮ್ಮನೆ ಹುಟ್ಟಿದ್ದಲ್ಲ. ಅದೇ ಹಕ್ಕಿಯನ್ನು ಲಿನೇಯಸ್ಸನಿಗಿಂತ ಸುಮಾರು ಒಂದೂವರೆ ಶತಮಾನ ಮೊದಲು ಆಗ್ರಾದಲ್ಲಿ ಇನ್ನೊಬ್ಬ ನೋಡಿದ್ದ. 1612ರಲ್ಲಿ ಮೊಗಲ್ ಆಸ್ಥಾನದ ಮುಕರ್ರಬ್ ಖಾನ್ ಗೋವೆಯ ಪೋರ್ಚುಗೀಸರಿಂದ ಅಪರೂಪದ ವಸ್ತುಗಳನ್ನು ಕೊಂಡುತಂದು ಜಹಾಂಗೀರ್ ಬಾದಶಹನ ಮುಂದಿಟ್ಟ. ಅವುಗಳಲ್ಲಿ ಟರ್ಕಿ ಕೋಳಿಯೂ ಇತ್ತು. ಬಾದಶಹ ತನ್ನ ಆತ್ಮಕಥನದಲ್ಲಿ ಅದನ್ನು ಬಣ್ಣಿಸಿರುವ ಕ್ರಮ ಯಾವ ಪ್ರಾಧ್ಯಾಪಕನಿಗೂ ಕಡಿಮೆಯಿಲ್ಲ. ಗಾತ್ರದಲ್ಲಿ ಹೆಣ್ಣು ನವಿಲಿಗಿಂತ ದೊಡ್ಡದು, ಗಂಡು ನವಿಲಿಗಿಂತ ಸಣ್ಣದು. ಮದ ಬಂದಾಗ ನವಿಲಿನ ಹಾಗೆ ಬಾಲ ಹರಡಿ ಕುಣಿಯುತ್ತದೆ. ಕೊಕ್ಕು ಕಾಲುಗಳು ಹುಂಜದವು. ತಲೆ ಕತ್ತುಗಳ ಬಣ್ಣ ಗಳಿಗೆಗೊಂದು: ಒಮ್ಮೆ ಹವಳದ ಕೆಂಪು, ಒಮ್ಮೆ ಹತ್ತಿಯ ಬಿಳುಪು, ಒಮ್ಮೆ ವೈಡೂರ್ಯದ ನೀಲಿ. ತಲೆಯ ಮೇಲಿನ ಮಾಂಸದ ತುಂಡು ಒಮ್ಮೆ ಆನೆಯ ಸೊಂಡಿಲಿನಂತೆ ಗೇಣುದ್ದ ಜೋಲುತ್ತದೆ, ಮತ್ತೊಮ್ಮೆ ಖಡ್ಗಮೃಗದ ಕೊಂಬಿನಂತೆ ಎರಡು ಬೆರಳಗಲ ನಿಮಿರುತ್ತದೆ. ಬರೆದದ್ದು ಸಾಲದೆಂದು ಚಿತ್ರಕಾರರಿಗೂ ಅಪ್ಪಣೆಯಾಯಿತು. ಬಾಬರ್ ಪ್ರಾಣಿಗಳನ್ನು ಬಣ್ಣಿಸಿದ, ಆದರೆ ಅವುಗಳ ಚಿತ್ರ ಬರೆಸಿಡಲಿಲ್ಲ. ತಾನು ಎರಡನ್ನೂ ಮಾಡಿದೆ ಎಂಬ ಹೆಮ್ಮೆ ಜಹಾಂಗೀರನದು. ಉಸ್ತಾದ್ ಮನ್ಸೂರ್ ಬರೆದ ಆ ಟರ್ಕಿ ಕೋಳಿ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಯುರೋಪಿನ ಪಂಡಿತರ ಹೆಸರನ್ನು ಕೇಳಿರದ ಅರಸ, ಕಣ್ಣಿನಿಂದಲೇ ಅವರು ಹೇಳಿದ್ದನ್ನೇ ಹೇಳಿದ: ಇದು ಹುಂಜ ಮತ್ತು ನವಿಲುಗಳ ಬಂಧು.

ಮೊಗಲರ ಪ್ರಭೆ ಇಳಿಮುಖವಾಗಿ ಕಂಪನಿ ಸರ್ಕಾರದ ಕೈ ಬಲವಾದಾಗ, ಈ ಗಣದ ಹಕ್ಕಿಗಳಿಗೆ ಹೊಸ ಆಶ್ರಯದಾತರು ಬಂದರು. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶ ಎಲಿಜಾ ಇಂಪೆಯನ್ನು ಇತಿಹಾಸ ನೆನೆಯುವುದು 1775ರಲ್ಲಿ ಮಹಾರಾಜ ನಂದಕುಮಾರನಿಗೆ ಗಲ್ಲಾದ ಮೊಕದ್ದಮೆಯಿಂದ. ಆತನ ಹೆಂಡತಿ ಮೇರಿ ಇಂಪೆಯನ್ನು ನೆನೆಯುವುದು ಬೇರೊಂದು ಕಾರಣಕ್ಕೆ. ಆಕೆ ತನ್ನ ತೋಟದಲ್ಲಿ ಹಕ್ಕಿ, ಮೃಗಗಳನ್ನು ಸಾಕಿ, ಪಟ್ನಾದ ಕಡೆಯ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ ದಾಸ್ ಎಂಬ ಮೂವರು ಚಿತ್ರಕಾರರಿಂದ ಅವುಗಳ ಚಿತ್ರ ಬರೆಸಿದಳು. ಹಿಮಾಲಯದ ಮೋನಾಲ್ ಹಕ್ಕಿಯನ್ನು ಜೀವಂತ ಇಂಗ್ಲೆಂಡಿಗೆ ಕೊಂಡೊಯ್ಯಲು ಆಕೆ ಮಾಡಿದ ಯತ್ನ ಫಲಿಸಲಿಲ್ಲ. 1790ರಲ್ಲಿ ಪಕ್ಷಿವಿಜ್ಞಾನಿ ಜಾನ್ ಲೇಥಮ್ ಆ ಹಕ್ಕಿಗೆ ಆಕೆಯ ಹೆಸರನ್ನೇ ಇಟ್ಟ. ಜೈನುದ್ದೀನನ ಹೆಸರು ಯಾವ ಹಕ್ಕಿಗೂ ಬರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮೋನಾಲಿನ ನೆತ್ತಿಯ ಮೇಲಿನ ಹಸಿರು ಗರಿಗಳು ಒಂದೊಂದಾಗಿ ನಿಂತ ಬಗೆಯನ್ನು ಕಾಗದದ ಮೇಲೆ ಹಿಡಿದಿಡುವ ಕೌಶಲ ಈ ಮೂವರದ್ದಾಗಿತ್ತು.

ಅದೇ ಕಾಲದಲ್ಲಿ ಪಿಯೇರ್ ಸೊನೆರಾ ಎಂಬ ಫ್ರೆಂಚ್ ಪ್ರವಾಸಿ ದಕ್ಷಿಣ ಭಾರತದಲ್ಲಿ ಅಲೆಯುತ್ತಿದ್ದ. 1774ರಿಂದ 1781ರವರೆಗಿನ ತನ್ನ ಪ್ರವಾಸವನ್ನು 1782ರಲ್ಲಿ ಗ್ರಂಥವಾಗಿ ಪ್ರಕಟಿಸಿದಾಗ ಅದರಲ್ಲಿ ಭಾರತದ ಕಾಡುಹುಂಜದ ವರ್ಣನೆಯಿತ್ತು. ಇದು ನಮ್ಮ ಮಲೆನಾಡಿನವರು ದಿನಾ ಕೇಳುವ ಕಾಡುಕೋಳಿ, ಬೂದುಬಣ್ಣದ್ದು. ಹುಂಜದ ಕತ್ತಿನ ಗರಿಯೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ವಿಶೇಷ ತಿಳಿಯುತ್ತದೆ. ಗರಿಯ ನಡುಕಡ್ಡಿ ತುದಿಗೆ ಬರುತ್ತ ಅಗಲವಾಗಿ, ಚಪ್ಪಟೆಯಾಗಿ, ಮೇಣದ ಹನಿಯೊಂದು ಬಿದ್ದು ಗಟ್ಟಿಯಾದಂತೆ ಹಳದಿ ಬಣ್ಣದಲ್ಲಿ ಹೊಳೆಯುತ್ತದೆ. ಉಗುರಿನಿಂದ ಮುಟ್ಟಿದರೆ ಗರಿಯ ಮೆದುವಿಲ್ಲ, ಕೊಂಬಿನ ಗಡಸು. ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನು ಹಿಡಿಯುವ ಕೃತಕ ನೊಣಗಳನ್ನು ಕಟ್ಟಲು ಈ ಗರಿಗೆ ಎಲ್ಲಿಲ್ಲದ ಬೇಡಿಕೆ ಬಂದು, ನಮ್ಮ ಕಾಡುಗಳಿಂದ ಕತ್ತಿನ ಚರ್ಮಗಳು ಸಮುದ್ರ ದಾಟಿದವು. 1902ರಲ್ಲಿ ಸರ್ಕಾರ ಕಾಡುಹಕ್ಕಿಗಳ ಗರಿಯ ರಫ್ತನ್ನು ನಿಷೇಧಿಸುವವರೆಗೆ ಆ ವ್ಯಾಪಾರಕ್ಕೆ ತಡೆ ಇರಲಿಲ್ಲ. ಮನೆಯ ಕೋಳಿಯ ಮೂಲ ಈ ಕಾಡುಕೋಳಿಯೇ ಎಂದು ಸೊನೆರಾ ವಾದಿಸಿದ್ದ. ಆ ವಾದದ ಗತಿಯನ್ನು ಮುಂದೆ ನೋಡೋಣ.

ಲೈಡನ್ನಿನ ರಾಷ್ಟ್ರೀಯ ಮ್ಯೂಸಿಯಮ್ಮಿಗೆ 1820ರಲ್ಲಿ ಮೊದಲ ನಿರ್ದೇಶಕನಾದ ಕೂನ್‌ರಾಡ್ ಟೆಮ್ಮಿಂಕ್ ಈ ಗಣದ ಮಹಾಲೆಕ್ಕಿಗ. ಆತನ ತಂದೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಖಜಾಂಚಿಯಾಗಿದ್ದವನು. ಹಡಗುಗಳು ಸಂಬಾರದ ಜೊತೆ ತಂದ ಹಕ್ಕಿಗಳ ಚರ್ಮಗಳು ಆ ಮನೆಗೂ ಬರುತ್ತಿದ್ದವು. 1813ರಿಂದ 1815ರವರೆಗೆ ಪಾರಿವಾಳಗಳು ಮತ್ತು ಕೋಳಿಕುಲದ ಹಕ್ಕಿಗಳ ಮೇಲೆ ಮೂರು ಸಂಪುಟಗಳನ್ನು ಆತ ಪ್ರಕಟಿಸಿದ. ನಮ್ಮ ಕಾಡುಕೋಳಿಗೆ 'ಗ್ಯಾಲಸ್ ಸೊನೆರಾಟಿ' ಎಂಬ ಹೆಸರು ಬಂದದ್ದು ಅಲ್ಲಿಂದ. ಗ್ಯಾಲಿಫಾರ್ಮಿಸ್ ಗಣದ ಕರ್ತೃವೆಂದು ಈಗಿನ ಪಟ್ಟಿಗಳು ನಮೂದಿಸುವುದೂ ಟೆಮ್ಮಿಂಕನನ್ನೇ.

ಇಷ್ಟರಲ್ಲಿ ಗಣದ ಬಾಗಿಲು ಅತಿಯಾಗಿ ತೆರೆದುಹೋಗಿತ್ತು. 1766ರ ಹನ್ನೆರಡನೆಯ ಆವೃತ್ತಿಯಲ್ಲಿ ಲಿನೇಯಸ್ ಡೋಡೋ ಹಕ್ಕಿಯನ್ನು ತಂದು ಗ್ಯಾಲಿನೆಯಲ್ಲಿ ಕೂರಿಸಿದ. ಮಾರಿಷಸ್ಸಿನ ಆ ದಡೂತಿ ಹಕ್ಕಿ ಅಷ್ಟರಲ್ಲಿ ಅಳಿದು ನೂರು ವರ್ಷವಾಗುತ್ತ ಬಂದಿತ್ತು. ತನ್ನ ಪರವಾಗಿ ಸಾಕ್ಷಿ ಹೇಳಲು ಒಂದೂ ಉಳಿದಿರಲಿಲ್ಲ. 1811ರಲ್ಲಿ ಬರ್ಲಿನ್ನಿನ ಯೋಹಾನ್ ಇಲಿಗರ್ ಗಣದ ಹೆಸರನ್ನೇ ಬದಲಿಸಿ 'ರಾಸೋರೆಸ್' ಎಂದ. ಕೆದಕುವವು ಎಂದೇ ಅದರ ಅರ್ಥ. ವಿಷ್ಕಿರವೇ ಲ್ಯಾಟಿನ್ ವೇಷದಲ್ಲಿ ಮರಳಿ ಬಂದಂತಾಯಿತು. ಆದರೆ ಇಲಿಗರ್ ಹೆಸರು ಸರಿಯಾಗಿಟ್ಟು ಲೆಕ್ಕ ತಪ್ಪಿದ. ಕೆದಕಲು ಬಾರದ ಪಾರಿವಾಳವನ್ನೂ ಅಲ್ಲೇ ಸೇರಿಸಿದ, ಡೋಡೋವನ್ನೂ ಉಳಿಸಿಕೊಂಡ. 1848ರಲ್ಲಿ ಸ್ಟ್ರಿಕ್‌ಲೆಂಡ್ ಮತ್ತು ಮೆಲ್ವಿಲ್ ಎಂಬ ಇಬ್ಬರು ಅಳಿದುಳಿದ ತಲೆ ಕಾಲುಗಳ ಅವಶೇಷ ಪರೀಕ್ಷಿಸಿ ಡೋಡೋ ಪಾರಿವಾಳದ ವಂಶದ್ದೆಂದು ತೀರ್ಪು ಕೊಟ್ಟರು. ಮದರಾಸು ಸೈನ್ಯದ ವೈದ್ಯನಾಗಿದ್ದ ಜೆರ್ಡನ್ 1862ರಿಂದ 1864ರ ನಡುವೆ ಭಾರತದ ಪಕ್ಷಿಗಳ ಗ್ರಂಥ ಬರೆದಾಗ ಪಾರಿವಾಳಗಳನ್ನು ಹೊರಗಿಟ್ಟು, ಕೋಳಿಕುಲಕ್ಕೆ ರಾಸೋರೆಸ್ ಎಂಬ ಹೆಸರನ್ನೇ ಬಳಸಿದ. ಆ ಹೆಸರು ಕ್ರಮೇಣ ಬಳಕೆ ತಪ್ಪಿತು. ಗುಣ ಹೇಳುತ್ತಿದ್ದ ಹೆಸರು ಹೋಗಿ ರೂಪ ಹೇಳುವ ಹೆಸರು ಉಳಿದದ್ದು ನನಗಂತೂ ನಷ್ಟವೆಂದೇ ಕಾಣುತ್ತದೆ.

1868 ಈ ವಂಶಾವಳಿಯಲ್ಲಿ ಮರೆಯಲಾಗದ ವರ್ಷ. ಅದೇ ವರ್ಷ ಚಾರ್ಲ್ಸ್ ಡಾರ್ವಿನ್ ಸಾಕುಪ್ರಾಣಿ, ಸಾಕುಸಸ್ಯಗಳ ವ್ಯತ್ಯಾಸಗಳ ಕುರಿತ ಎರಡು ಸಂಪುಟ ಪ್ರಕಟಿಸಿ, ಮನೆಯ ಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ನಿರ್ಣಯಿಸಿದ. ಅದಕ್ಕೆ ಬೇಕಾದ ಸಾಮಗ್ರಿಯಲ್ಲಿ ದೊಡ್ಡ ಪಾಲು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಬರೆದ ಪತ್ರಗಳದು. ಕೆಂಪು ಕಾಡುಕೋಳಿಯ ಕೂಗು, ಬಣ್ಣ, ಮೈಕಟ್ಟು ಸಾಕುಕೋಳಿಗೆ ಹೊಂದುತ್ತವೆ. ಬೂದು ಕಾಡುಕೋಳಿಯ ಕೂಗೇ ಬೇರೆ, ಗರಿಯೇ ಬೇರೆ. ಸೊನೆರಾನ ವಾದ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಭಾವಿಸಿದರು.

ಅದೇ ವರ್ಷ ಡಾರ್ವಿನ್ನನ ಗೆಳೆಯ ಥಾಮಸ್ ಹೆನ್ರಿ ಹಕ್ಸ್‌ಲಿ ಲಂಡನ್ನಿನ ಜುವಾಲಾಜಿಕಲ್ ಸೊಸೈಟಿಯಲ್ಲಿ ಕೋಳಿಕುಲದ ಕುರಿತು ಒಂದು ಪ್ರಬಂಧ ಮಂಡಿಸಿದ. ಆತ ಜುಟ್ಟು ಬಾಲಗಳನ್ನು ಪಕ್ಕಕ್ಕಿಟ್ಟು ಮೂಳೆಗಳನ್ನು ಮೇಜಿನ ಮೇಲೆ ಹರಡಿದ. ಕಾಲಿನ ಹಿಂಬೆರಳು ಆತನ ಕಣ್ಣಿಗೆ ಬಿತ್ತು. ಮನೆಯ ಕೋಳಿಯ ಹಿಂಬೆರಳು ಉಳಿದ ಮೂರಕ್ಕಿಂತ ಮೇಲಕ್ಕೆ ಅಂಟಿಕೊಂಡಿರುತ್ತದೆ. ನಿಂತಾಗ ನೆಲಕ್ಕೆ ಸರಿಯಾಗಿ ಊರುವುದಿಲ್ಲ. ನವಿಲು, ಫೆಸೆಂಟ್, ಲಾವಕ್ಕಿ ಎಲ್ಲಕ್ಕೂ ಹಾಗೆಯೇ. ಆದರೆ ದಕ್ಷಿಣ ಅಮೆರಿಕದ ಕ್ಯುರಾಸೋ ಮತ್ತು ಆಸ್ಟ್ರೇಲಿಯಾ ಕಡೆಯ ಮೆಗಪೋಡ್‌ಗಳಿಗೆ ಹಿಂಬೆರಳು ಪಾರಿವಾಳದ ಕಾಲಿನಂತೆ ಸಮತಟ್ಟಾಗಿ ಕೂತಿರುತ್ತದೆ. ಮೆಗಪೋಡ್ ವಿಚಿತ್ರ ಹಕ್ಕಿ. ಕಾವು ಕೂರುವುದೇ ಇಲ್ಲ. ಎಲೆ ಮಣ್ಣುಗಳನ್ನು ಕಾಲಿನಿಂದ ಕೆದರಿ ಗುಡ್ಡೆ ಹಾಕಿ, ಕೊಳೆಯುವ ಎಲೆಯ ಬಿಸಿಯಲ್ಲಿ ಮೊಟ್ಟೆ ಬೆಚ್ಚಗಿಡುತ್ತದೆ. ನಮ್ಮ ನಿಕೋಬಾರ್ ದ್ವೀಪಗಳಲ್ಲೂ ಈ ಬಳಗದ ಒಂದು ಹಕ್ಕಿಯಿದೆ. ಈ ಎರಡು ಬಗೆಯ ಕಾಲುಗಳು ಭೂಮಿಯ ಮೇಲೆ ಎಲ್ಲೆಲ್ಲಿ ಹರಡಿವೆ ಎಂದು ಹಕ್ಸ್‌ಲಿ ನಕ್ಷೆ ಹಾಕುತ್ತ ಹೋದಾಗ, ಆಲ್ಫ್ರೆಡ್ ವಾಲೇಸ್ ಮಲಯ ದ್ವೀಪಗಳ ನಡುವೆ ಎಳೆದಿದ್ದ ಗಡಿ ಎದುರಾಯಿತು. ಅದನ್ನು 'ವಾಲೇಸ್ ರೇಖೆ' ಎಂದು ಮೊದಲು ಕರೆದದ್ದು ಈ ಪ್ರಬಂಧದಲ್ಲಿಯೇ. ಶಾಲೆಯ ಭೂಗೋಳದವರೆಗೆ ಬಂದ ಆ ಪದದ ಹುಟ್ಟು ಕೋಳಿಕಾಲಿನ ಚರ್ಚೆಯಲ್ಲಿ.

ಭಾರತದಲ್ಲಿ ಆಗ ಈ ಹಕ್ಕಿಗಳನ್ನು ಸಾಹೇಬರು ನೋಡುತ್ತಿದ್ದದ್ದು ಕೋವಿಯ ನಳಿಗೆಯ ಮೇಲಿನಿಂದ. ಗಣದ ಶಾಸ್ತ್ರನಾಮ ಏನೇ ಇರಲಿ, ಕ್ಲಬ್ಬುಗಳಲ್ಲಿ ಅವು ಶಿಕಾರಿ ಹಕ್ಕಿಗಳು. ಅಲನ್ ಆಕ್ಟೇವಿಯನ್ ಹ್ಯೂಮ್ ಮತ್ತು ಮಾರ್ಷಲ್ 1879ರಿಂದ 1881ರವರೆಗೆ ಹೊರತಂದ ಮೂರು ಸಂಪುಟಗಳು ಭಾರತ, ಬರ್ಮಾ, ಸಿಲೋನ್‌ಗಳ ಶಿಕಾರಿ ಹಕ್ಕಿಗಳ ಮೇಲೆಯೇ. ಅದಕ್ಕೆ ಸ್ವಲ್ಪ ಮೊದಲು, 1876ರಲ್ಲಿ, ನೈನಿತಾಲಿನ ಬಳಿ ಹಿಮಾಲಯದ ಲಾವಕ್ಕಿಯೊಂದನ್ನು ಹೊಡೆದಿದ್ದರು. ಆಮೇಲೆ ಆ ಜಾತಿಯ ಹಕ್ಕಿ ಖಚಿತವಾಗಿ ಯಾರ ಕೈಗೂ ಸಿಕ್ಕಿಲ್ಲ. ಹ್ಯೂಮ್ ಇಪ್ಪತ್ತೈದು ವರ್ಷ ಬರೆದಿಟ್ಟಿದ್ದ ಪಕ್ಷಿಟಿಪ್ಪಣಿಗಳ ಹಸ್ತಪ್ರತಿಯನ್ನು ಶಿಮ್ಲಾದ ಮನೆಯ ಆಳೊಬ್ಬ ರದ್ದಿ ಕಾಗದಕ್ಕೆ ಮಾರಿಬಿಟ್ಟ. ಮನಸ್ಸು ಮುರಿದ ಹ್ಯೂಮ್ 1885ರಲ್ಲಿ ತನ್ನ ಸುಮಾರು 82,000 ಚರ್ಮ, ಮೊಟ್ಟೆಗಳ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ. ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಕೂಡಿಸಿದವನೂ ಈತನೇ.

1893ರಲ್ಲಿ ಓಗಿಲ್ವಿ ಗ್ರಾಂಟ್ ಬ್ರಿಟಿಷ್ ಮ್ಯೂಸಿಯಮ್ಮಿನ ಶಿಕಾರಿ ಹಕ್ಕಿಗಳ ಕ್ಯಾಟಲಾಗನ್ನು ಹೊರತಂದಾಗ ಒಳಗಿದ್ದವರನ್ನು ಹೊರಗೆ ಕಳಿಸುವ ಕೆಲಸ ಶುರುವಾಗಿತ್ತು. ಬಯಲುಸೀಮೆಯ ಕೆರೆಗಳಿಗೆ ನೀರಿಗಿಳಿಯುವ ಸ್ಯಾಂಡ್‌ಗ್ರೌಸ್, ಅಮೆಜಾನಿನ ಹೋಟ್ಸಿನ್, ಲಾವಕ್ಕಿಯೆಂದೇ ಕಣ್ಣು ನಂಬುವ ಮೂರುಬೆರಳಿನ ಪುಟ್ಟ ಹಕ್ಕಿ, ಈ ಮೂವರಿಗೂ ಅಲ್ಲಿ ಬೇರೆ ಬೇರೆ ಗಣ. ಅದೇ ಕಾಲದಲ್ಲಿ ಪಕ್ಷಿವಿಜ್ಞಾನಿ ಹಾನ್ಸ್ ಗ್ಯಾಡೋ ಕೊಟ್ಟ ಗ್ಯಾಲಿಫಾರ್ಮಿಸ್ ಪಟ್ಟಿಯಲ್ಲಿ ಹೋಟ್ಸಿನ್ ಮತ್ತು ಮೂರುಬೆರಳಿನ ಹಕ್ಕಿ ಇನ್ನೂ ಒಳಗಿದ್ದವು. ವ್ಯಾಜ್ಯ ಇತ್ಯರ್ಥವಾದದ್ದು ವಂಶವಾಹಿಗಳ ಪರೀಕ್ಷೆಯಿಂದ. ಲಾವಕ್ಕಿಯ ಜೋಡಿಯೆಂದು ತೋರುತ್ತಿದ್ದ ಆ ಮೂರುಬೆರಳಿನ ಹಕ್ಕಿ ಕಡಲತೀರದ ಹಕ್ಕಿಗಳ ನೆಂಟನೆಂದು ಸಿದ್ಧವಾಯಿತು. ಹಕ್ಸ್‌ಲಿಯ ಸಮತಟ್ಟು ಕಾಲಿನ ಬಳಗವೂ ಒಡೆಯಿತು. ಮೆಗಪೋಡ್‌ಗಳು ಎಲ್ಲರಿಗಿಂತ ಮೊದಲು ಬೇರೆಯಾದ ಕವಲು, ಕ್ಯುರಾಸೋಗಳು ಅದರ ನಂತರದ್ದು. ಇಡೀ ಗಣಕ್ಕೆ ಅತಿ ಹತ್ತಿರದ ದಾಯಾದಿಗಳು ಬಾತು ಹಂಸಗಳೆಂದೂ ತಿಳಿಯಿತು. 2020ರಲ್ಲಿ ಬೆಲ್ಜಿಯಮ್ಮಿನ ಸುಣ್ಣಕಲ್ಲಿನ ಗಣಿಯಿಂದ ಬಂದ 'ಆಸ್ಟೆರಿಯಾರ್ನಿಸ್' ಎಂಬ ಪಳೆಯುಳಿಕೆಯ ತಲೆಬುರುಡೆಯಲ್ಲಿ ಕೋಳಿಯ ಗುರುತೂ ಬಾತಿನ ಗುರುತೂ ಸೇರಿಕೊಂಡಿದ್ದವು. ಡೈನೋಸಾರ್‌ಗಳು ಇನ್ನೂ ಬದುಕಿದ್ದ ಕಾಲದ್ದು ಅದು, ಸುಮಾರು 6.67 ಕೋಟಿ ವರ್ಷ ಹಿಂದಿನದು.

ಸೊನೆರಾನ ಕಥೆಗೂ ಅನಿರೀಕ್ಷಿತ ತಿರುವು ಬಂತು. ಡಾರ್ವಿನ್ ಹೇಳಿದಂತೆ ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯೇ. ಅದರಲ್ಲೂ ಬರ್ಮಾ, ಥಾಯ್ಲೆಂಡ್, ದಕ್ಷಿಣ ಚೀನಾ ಕಡೆಯ ಉಪಪ್ರಭೇದ ಎಂದು 2020ರ ಅಧ್ಯಯನ ಸ್ಪಷ್ಟಪಡಿಸಿತು. ಆದರೆ 2008ರಲ್ಲಿ ಸ್ವೀಡನ್ನಿನ ಸಂಶೋಧಕರು ಇನ್ನೊಂದು ಸಂಗತಿ ಕಂಡಿದ್ದರು. ಎಷ್ಟೋ ಸಾಕುಕೋಳಿಗಳ ಕಾಲು, ಚರ್ಮ ಹಳದಿಯಾಗಲು ಕಾರಣವಾದ ವಂಶವಾಹಿ ಕೆಂಪು ಕಾಡುಕೋಳಿಯದಲ್ಲ, ಬೂದು ಕಾಡುಕೋಳಿಯದು. ಎಂದೋ ಒಂದು ಕಾಲದಲ್ಲಿ ಹಳ್ಳಿಯ ಕೋಳಿಗೂ ದಕ್ಷಿಣ ಭಾರತದ ಕಾಡುಕೋಳಿಗೂ ಬೆರಕೆಯಾಗಿತ್ತು. ಲಿನೇಯಸ್ಸನ ನಾಡಿನವರೇ ಸೊನೆರಾನ ಮಾತಿನಲ್ಲಿ ಅರ್ಧ ಸತ್ಯವಿತ್ತೆಂದು ಎರಡು ಶತಮಾನಗಳ ಮೇಲೆ ಒಪ್ಪಿಕೊಂಡರು.

ಈಗ ಗ್ಯಾಲಿಫಾರ್ಮಿಸ್ ಗಣದಲ್ಲಿ ಐದು ಕುಟುಂಬಗಳೂ ಸುಮಾರು 300 ಪ್ರಭೇದಗಳೂ ಇವೆ. ಕರ್ನಾಟಕದಲ್ಲಿ ಕಾಣುವ ನವಿಲು, ಕಾಡುಕೋಳಿ, ಚಿಟ್ಟುಕೋಳಿ, ಗೌಜಲಹಕ್ಕಿ, ಲಾವಕ್ಕಿಗಳು ಈ ಗಣದವು. ಹೆಸರಿನಲ್ಲಿ ಕೋಳಿಯಿದ್ದರೂ ನೀರುಕೋಳಿ, ಹುಂಡುಕೋಳಿ, ಜಂಬುಕೋಳಿ, ಹಣೆಯ ಮೇಲೆ ಬಿಳಿ ಪಟ್ಟಿ ಹೊತ್ತ ನಾಮದ ಕೋಳಿ ಇವು ಯಾವುವೂ ಇದಕ್ಕೆ ಸೇರಿದವಲ್ಲ. ಅವು ಸಾರಸಗಳ ಗಣದವು. ನಮ್ಮ ಕೆರೆದಂಡೆಯ ಜನ ಮಾತ್ರ ಹೀಗೆ ಕರೆದರೆಂದು ನಗುವಂತಿಲ್ಲ. ಗ್ಯಾಲಸ್ ಜಾತಿಗೆ ಹೆಸರಿಟ್ಟ ಬ್ರಿಸನ್ನೇ ನೀರುಕೋಳಿಗೆ 'ಗ್ಯಾಲಿನ್ಯೂಲಾ', ಎಂದರೆ ಪುಟ್ಟ ಹೇಂಟೆ, ಎಂದು ಹೆಸರಿಟ್ಟಿದ್ದಾನೆ; ಅದು 1760ರಿಂದ ಇಂದಿನವರೆಗೂ ಹಾಗೆಯೇ ಚಲಾವಣೆಯಲ್ಲಿದೆ.